ಹನ್ನೆರಡು ಸೆಕೆಂಡಿನ ಆಗಸ್ಟ್

2016ರ ಆಗಸ್ಟ್ ತಿಂಗಳಲ್ಲಿ ಇಡೀ ದೇಶದಲ್ಲಿ ಯುಪಿಐ ಮೂಲಕ ನಡೆದ ಪಾವತಿಗಳು ಸುಮಾರು 90 ಸಾವಿರ. ಆ ವರ್ಷದ ಏಪ್ರಿಲ್ 11ರಂದು ಮುಂಬೈಯಲ್ಲಿ ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಅದಕ್ಕೆ ಚಾಲನೆ ಕೊಟ್ಟಿದ್ದರು. ಬ್ಯಾಂಕುಗಳ ಆ್ಯಪ್‌ಗಳು ಜನರ ಫೋನಿಗೆ ಬರತೊಡಗಿದ್ದು ಆಗಸ್ಟ್ ಕೊನೆಯ ವಾರದಲ್ಲಿ. ಒಂಬತ್ತು ವರ್ಷ ಕಳೆದು 2025ರ ಆಗಸ್ಟ್ ಬಂದಾಗ ಅದೇ ಒಂದು ತಿಂಗಳ ಎಣಿಕೆ 2,001 ಕೋಟಿಗೆ ಮುಟ್ಟಿತ್ತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ಕಾಗದ, ಪೆನ್ನು ಹಿಡಿದು ಕೂತು ಭಾಗಿಸಿದೆ. 31 ದಿನ, ದಿನಕ್ಕೆ 86,400 ಸೆಕೆಂಡು. ಸೆಕೆಂಡಿಗೆ 7,471 ಬಂತು. ಊರೆಲ್ಲ ಮಲಗಿರುವ ಮೂರು ಗಂಟೆಯ ರಾತ್ರಿಯನ್ನೂ ಸೇರಿಸಿ ತೆಗೆದ ಸರಾಸರಿ ಇದು. ಅಂದರೆ 2016ರ ಇಡೀ ಆಗಸ್ಟ್‌ನ ಕೆಲಸ 2025ರ ಆಗಸ್ಟ್‌ನಲ್ಲಿ ಹನ್ನೆರಡು ಸೆಕೆಂಡಿಗೆ ಮುಗಿದುಹೋಗುತ್ತಿತ್ತು.

ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕೂತವನು ನಾನು. ಸಂಖ್ಯೆಗಳನ್ನು ಕಂಡು ಹೆದರುವ ಕಾಲ ಎಂದೋ ಮುಗಿದಿದೆ ಅಂದುಕೊಂಡಿದ್ದೆ. ಆದರೂ ಆ ದಿನ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ನನಗೆ ಗೊತ್ತಿರುವ ಅಳತೆಗಳಲ್ಲಿ ಅದನ್ನು ಅಳೆಯಲು ಹೊರಟೆ. ಪಾಸ್‌ಬುಕ್ಕಿನ ಒಂದು ಸಾಲಿಗೆ 4 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪ್ರತಿ ಪಾವತಿಗೂ ಎರಡು ಸಾಲು ಬೇಕು, ಕೊಟ್ಟವರ ಪುಸ್ತಕದಲ್ಲಿ ಒಂದು, ಪಡೆದವರ ಪುಸ್ತಕದಲ್ಲಿ ಒಂದು. ಆ ಒಂದೇ ತಿಂಗಳ ಸಾಲುಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋದರೆ 1 ಲಕ್ಷ 60 ಸಾವಿರ ಕಿಲೋಮೀಟರ್. ಭೂಮಿಯನ್ನು ಸಮಭಾಜಕದ ಗುಂಟ ನಾಲ್ಕು ಸುತ್ತು ಸುತ್ತಿ ಬರಬಹುದು.

ಇನ್ನೊಂದು ಅಳತೆ. ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಒಂದು ಸೌಂಡ್‌ಬಾಕ್ಸ್ ಇದೆ, ಬಿಸ್ಕತ್ತಿನ ಗಾಜಿನ ಡಬ್ಬಿಗಳ ಪಕ್ಕ. ಒಂದು ಮೊತ್ತ ಹೇಳಿ ಮುಗಿಸಲು ಅದಕ್ಕೆ ಮೂರು ಸೆಕೆಂಡು ಹಿಡಿಯುತ್ತದೆ. ಆ ತಿಂಗಳ ಲೆಕ್ಕದಲ್ಲಿ ದೇಶದ ಒಂದು ದಿನದ ಪಾವತಿಗಳು 64 ಕೋಟಿ 50 ಲಕ್ಷ. ಅಷ್ಟನ್ನೂ ಆ ಒಂದೇ ಪೆಟ್ಟಿಗೆ ಉಸಿರು ಬಿಡದೆ ಹೇಳಬೇಕಾದರೆ ಅರವತ್ತೊಂದು ವರ್ಷ ಬೇಕು. ಒಂದು ದಿನದ ಸುದ್ದಿ ಹೇಳಿ ಮುಗಿಸುವುದರೊಳಗೆ ಅಂಗಡಿಯವರ ಮೊಮ್ಮಗ ನಿವೃತ್ತನಾಗಿರುತ್ತಾನೆ.

ಇಷ್ಟು ಕೇಳಿದವರು ಯಾರಾದರೂ ಅಂದುಕೊಳ್ಳುವುದು ಒಂದೇ: ದುಡ್ಡು ಈಗ ಮಿಂಚಿನ ವೇಗದಲ್ಲಿ ಓಡುತ್ತಿದೆ, ಕಾಯುವ ಕಾಲ ಮುಗಿಯಿತು. ನಾನೂ ಹಾಗೇ ಅಂದುಕೊಂಡಿದ್ದೆ, ನನ್ನ ಅಣ್ಣನ ಮಗಳು ತಿದ್ದುವವರೆಗೆ. ಅವಳು ಬೆಂಗಳೂರಿನಲ್ಲಿ ಪಾವತಿಗಳ ಡೇಟಾ ನೋಡಿಕೊಳ್ಳುವ ಇಂಜಿನಿಯರ್. ಯಾವ ಲೆಕ್ಕವನ್ನು ಬಂದ ಹಾಗೇ ಮಾಡಿ ಮುಗಿಸಬೇಕು, ಯಾವುದನ್ನು ಕೂಡಿಟ್ಟುಕೊಂಡು ಒಟ್ಟಿಗೆ ಮಾಡಬೇಕು ಎಂದು ತೀರ್ಮಾನಿಸುವುದೇ ಅವಳ ದಿನದ ಕೆಲಸ. ಅವರ ಮಾತಿನಲ್ಲಿ ಮೊದಲನೆಯದು ರಿಯಲ್ ಟೈಮ್, ಎರಡನೆಯದು ಬ್ಯಾಚ್.

"ಚಿಕ್ಕಪ್ಪ, ನೀವು ಕ್ಲಿಯರಿಂಗ್‌ನಲ್ಲಿ ಮಾಡ್ತಿದ್ರಲ್ಲ, ನಾವು ಇವತ್ತಿಗೂ ಅದನ್ನೇ ಮಾಡ್ತಿರೋದು. ನಿಮ್ಮದು ದಿನಕ್ಕೆ ಒಂದ್ಸಲ, ನಮ್ಮದು ದಿನಕ್ಕೆ ಹತ್ತು ಸಲ. ಅಷ್ಟೇ" ಅಂದಳು.

ಅವಳು ಹೇಳಿದ್ದು ಇದು. ನಾನು ಟೀ ಅಂಗಡಿಯಲ್ಲಿ ಹದಿನೈದು ರೂಪಾಯಿಗೆ ಪಿನ್ ಒತ್ತುತ್ತೇನೆ. ಸುದ್ದಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐಗೆ ಹೋಗುತ್ತದೆ. ಅಲ್ಲಿಂದ ನನ್ನ ಬ್ಯಾಂಕಿಗೆ. ನನ್ನ ಬ್ಯಾಂಕು ಪಿನ್ ಸರಿಯೋ, ಖಾತೆಯಲ್ಲಿ ಹಣ ಉಂಟೋ ನೋಡಿ, ಹದಿನೈದು ರೂಪಾಯಿ ಕಳೆದು, ಹೂಂ ಅನ್ನುತ್ತದೆ. ಸುದ್ದಿ ಮತ್ತೆ ಎನ್‌ಪಿಸಿಐಗೆ, ಅಲ್ಲಿಂದ ಅಂಗಡಿಯ ಬ್ಯಾಂಕಿಗೆ. ಆ ಬ್ಯಾಂಕು ಹದಿನೈದು ರೂಪಾಯಿ ಜಮಾ ಬರೆದು ಅದೂ ಹೂಂ ಅನ್ನುತ್ತದೆ. ಆಮೇಲೆ ಸೌಂಡ್‌ಬಾಕ್ಸ್ ಮಾತಾಡುತ್ತದೆ. ಟೀ ಇನ್ನೂ ಸೋಸುತ್ತಿರುತ್ತಾರೆ, ಅಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ಆದರೆ ಅಂಗಡಿಯ ಬ್ಯಾಂಕು ಹದಿನೈದು ರೂಪಾಯಿ ಜಮಾ ಬರೆಯುವ ಹೊತ್ತಿಗೆ ನನ್ನ ಬ್ಯಾಂಕಿನಿಂದ ಅದಕ್ಕೆ ಒಂದು ಪೈಸೆಯೂ ಬಂದಿರುವುದಿಲ್ಲ. ಅಷ್ಟು ಹೊತ್ತು ಓಡಾಡಿದ್ದು ಮಾತು. ಹಣ ಇನ್ನೂ ಕೂತಲ್ಲೇ ಕೂತಿರುತ್ತದೆ.

ಹಣ ಎದ್ದು ಹೋಗುವುದು ದಿನಕ್ಕೆ ಹತ್ತು ಸಲ. ಹತ್ತು ಸರದಿಗಳಲ್ಲಿ ಎಲ್ಲ ಬ್ಯಾಂಕುಗಳ ಕೊಡುಕೊಳ್ಳುವಿಕೆಯನ್ನು ಕೂಡಿ ಕಳೆದು, ಪ್ರತಿ ಬ್ಯಾಂಕಿಗೂ ನಿವ್ವಳವಾಗಿ ಒಂದೇ ಒಂದು ಅಂಕಿ ತೆಗೆಯುತ್ತಾರೆ: ಇಷ್ಟು ಕೊಡಬೇಕು, ಅಥವಾ ಇಷ್ಟು ಬರಬೇಕು. ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಆ ಅಂಕಿ ಮಾತ್ರ ಅತ್ತಿತ್ತ ಹೋಗುತ್ತದೆ. 2025ರ ಆಗಸ್ಟ್‌ನ ಲೆಕ್ಕವನ್ನೇ ಇಟ್ಟುಕೊಂಡರೆ ಒಂದೊಂದು ಸರದಿಯಲ್ಲಿ ಸರಾಸರಿ ಆರೂವರೆ ಕೋಟಿ ಪಾವತಿ, ಸುಮಾರು 8,000 ಕೋಟಿ ರೂಪಾಯಿ. ಯುಪಿಐ ಜಾಲದಲ್ಲಿ ಆರುನೂರಕ್ಕೂ ಹೆಚ್ಚು ಬ್ಯಾಂಕುಗಳಿವೆ. ಆರುನೂರೇ ಎಂದು ಹಿಡಿದರೂ ಒಬ್ಬರಿಗೊಬ್ಬರು ಕೊಡಬೇಕಾದ ಜೋಡಿಗಳು 1,79,700. ಅಷ್ಟು ಜೋಡಿಗಳ ನಡುವಿನ ಆರೂವರೆ ಕೋಟಿ ಕೊಡುಕೊಳ್ಳುವಿಕೆ ಕರಗಿ ಕರಗಿ ಕೊನೆಗೆ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಹಿಡಿಯುವಷ್ಟು ಅಂಕಿಗಳಾಗುತ್ತವೆ. ಸೆಕೆಂಡಿಗೆ ಏಳು ಸಾವಿರಕ್ಕಿಂತ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಈ ಕರಗುವಿಕೆ.

ಏಕೆಂದರೆ ಅದನ್ನು ನಾನು ಕೈಯಾರೆ ಮಾಡಿದ್ದೆ. ಎಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯಲ್ಲಿ, ಒಂದು ಶಾಖೆಯ ಕ್ಲಿಯರಿಂಗ್ ವಿಭಾಗಕ್ಕೆ ನನ್ನನ್ನು ಹಾಕಿದ್ದರು. ಬೆಳಗ್ಗೆ ಬಂದ ಹೊರಬ್ಯಾಂಕಿನ ಚೆಕ್ಕುಗಳನ್ನೆಲ್ಲ ಬ್ಯಾಂಕುವಾರು ವಿಂಗಡಿಸಿ, ಮೊತ್ತ ಕೂಡಿ, ಚೀಟಿ ಹಚ್ಚಿ, ರಬ್ಬರ್ ಬ್ಯಾಂಡ್ ಹಾಕಿ, ರೆಕ್ಸಿನ್ ಚೀಲದಲ್ಲಿ ತುಂಬಿಕೊಂಡು ಕ್ಲಿಯರಿಂಗ್ ಹೌಸ್‌ಗೆ ಹೋಗಬೇಕು. ಊರಿನ ಎಲ್ಲ ಬ್ಯಾಂಕುಗಳ ಗುಮಾಸ್ತರೂ ಅಲ್ಲಿಗೆ ಬರುತ್ತಿದ್ದರು. ಉದ್ದನೆಯ ಮೇಜು, ಮೇಲೆ ಫ್ಯಾನು, ಫ್ಯಾನಿನ ಗಾಳಿಗೆ ಹಾರದ ಹಾಗೆ ಚೆಕ್ಕಿನ ಕಟ್ಟುಗಳ ಮೇಲೆ ಗಾಜಿನ ಪೇಪರ್‌ವೇಟ್. ನಿಮ್ಮದು ನಮಗೆ, ನಮ್ಮದು ನಿಮಗೆ. ನಾವು ಉಳಿದವರಿಂದ 18 ಲಕ್ಷ 40 ಸಾವಿರ ಪಡೆಯಬೇಕು, ಉಳಿದವರಿಗೆ 17 ಲಕ್ಷ 95 ಸಾವಿರ ಕೊಡಬೇಕು ಅಂತಾದರೆ ಆ ದಿನ ನಮ್ಮ ಪಾಲಿಗೆ ನಿಜವಾಗಿ ಕೈ ಬದಲಾಗುವುದು 45 ಸಾವಿರ. ಮೂವತ್ತಾರು ಲಕ್ಷದ ವ್ಯವಹಾರ ನಲವತ್ತೈದು ಸಾವಿರದಲ್ಲಿ ಚುಕ್ತಾ.

ತಾಳೆ ಬಾರದ ದಿನ ಮಾತ್ರ ಯಾರೂ ಮನೆಗೆ ಹೋಗುವಂತಿರಲಿಲ್ಲ. ಎಲ್ಲರ ಕೊಡಬೇಕಾದ್ದನ್ನೂ ಎಲ್ಲರ ಬರಬೇಕಾದ್ದನ್ನೂ ಕೂಡಿದರೆ ಎರಡೂ ಒಂದೇ ಆಗಬೇಕು. ಒಂದು ಸಂಜೆ 2,700 ರೂಪಾಯಿ ವ್ಯತ್ಯಾಸ ನಿಂತುಬಿಟ್ಟಿತು. ಹಿರಿಯ ಗುಮಾಸ್ತರೊಬ್ಬರು ಚೀಟಿ ನೋಡಿ, "ಒಂಬತ್ತರಿಂದ ಭಾಗ ಹೋಗುತ್ತಲ್ಲಪ್ಪ, ಅಂಕಿ ಹಿಂದುಮುಂದಾಗಿದೆ, ಹುಡುಕು" ಅಂದರು. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಅಪವರ್ತ್ಯ. ಹುಡುಕಿದೆವು. ಯಾರೋ 7,400 ಅನ್ನುವುದನ್ನು 4,700 ಎಂದು ಬರೆದಿದ್ದರು. ಎಲ್ಲ ಕಾಗದವೂ ಒಂದೇ ಮೇಜಿನ ಮೇಲೆ, ಒಂದೇ ಹೊತ್ತಿನಲ್ಲಿ, ಅಲುಗಾಡದೆ ಕೂತಿದ್ದಕ್ಕೆ ಆ ತಪ್ಪು ಸಿಕ್ಕಿತು. ಕಾಗದಗಳು ಬರುತ್ತಲೇ ಹೋಗುತ್ತಲೇ ಇದ್ದಿದ್ದರೆ ನಾವು ಯಾವ ಎರಡು ಮೊತ್ತಗಳನ್ನು ತಾಳೆ ನೋಡಬೇಕಿತ್ತು? ಬ್ಯಾಚ್ ಅನ್ನುವುದರ ಬಲವೆಲ್ಲ ನನಗೆ ಆ ಸಂಜೆಯ ಮೇಜಿನಲ್ಲಿ ಕಾಣುತ್ತದೆ. ಅದು ಪ್ರಪಂಚವನ್ನು ಒಂದು ಗಳಿಗೆ ನಿಲ್ಲಿಸಿ, ಎಲ್ಲವೂ ಇಲ್ಲಿದೆಯೇ ಎಂದು ಎಣಿಸಿಕೊಳ್ಳುತ್ತದೆ.

ನಾವು ಅದನ್ನು ಕಂಡುಹಿಡಿದವರೇನಲ್ಲ. ಲಂಡನ್ನಿನ ಬ್ಯಾಂಕುಗಳ ಗುಮಾಸ್ತರು ಹದಿನೆಂಟನೇ ಶತಮಾನದಲ್ಲೇ, ಬೀದಿ ಬೀದಿ ಅಲೆದು ಚೆಕ್ಕು ಕೊಟ್ಟು ಬರುವ ಬದಲು ಲೊಂಬಾರ್ಡ್ ಬೀದಿಯಲ್ಲಿ ಒಂದು ಕಡೆ ಸೇರತೊಡಗಿದ್ದರು. ಕಂಪ್ಯೂಟರಿನ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ 1832ರ ತಮ್ಮ ಪುಸ್ತಕದಲ್ಲಿ ಆ ಕೋಣೆಯನ್ನು ವಿವರಿಸಿದ್ದಾರೆ. ಸುಮಾರು ಮೂವತ್ತು ಗುಮಾಸ್ತರು, ಗೋಡೆಯ ಮೇಲೆ ಅವರವರ ಬ್ಯಾಂಕಿನ ಹೆಸರು, ಪಕ್ಕದಲ್ಲಿ ಒಂದೊಂದು ತೆರೆದ ಪೆಟ್ಟಿಗೆ. ದಿನಕ್ಕೆ ಸರಾಸರಿ 25 ಲಕ್ಷ ಪೌಂಡಿನ ವ್ಯವಹಾರ. ಅದನ್ನು ತೀರಿಸಲು ಬೇಕಾಗುತ್ತಿದ್ದುದು ಸುಮಾರು 2 ಲಕ್ಷ ಪೌಂಡಿನ ನೋಟುಗಳು, ಮತ್ತು 20 ಪೌಂಡಿನಷ್ಟು ನಾಣ್ಯ. ಇಪ್ಪತ್ತು ಪೌಂಡು! ಲಂಡನ್ನಿನ ದಿನದ ವ್ಯಾಪಾರದ ಚಿಲ್ಲರೆ ಒಬ್ಬ ಮನುಷ್ಯನ ಕೋಟಿನ ಜೇಬಿನಲ್ಲಿ ಹಿಡಿಯುತ್ತಿತ್ತು. ಕಾಯುವುದಕ್ಕೆ ಒಪ್ಪಿದ್ದಕ್ಕೆ ಸಿಕ್ಕ ಫಲ ಅದು.

ಹಾಗಾದರೆ ಎಲ್ಲವನ್ನೂ ಕೂಡಿಟ್ಟು ಸಂಜೆಗೆ ತೀರಿಸಿದರಾಯಿತು ಅನ್ನುವ ಹಾಗಿಲ್ಲ. 1974ರ ಜೂನ್ 26ರಂದು ಜರ್ಮನಿಯ ಕಲೋನ್ ನಗರದ ಹೆರ್ಸ್ಟಾಟ್ ಬ್ಯಾಂಕನ್ನು ಅಲ್ಲಿನ ಅಧಿಕಾರಿಗಳು ಮುಚ್ಚಿದರು. ಅಲ್ಲಿ ದಿನದ ವ್ಯವಹಾರ ಮುಗಿದಿತ್ತು, ನ್ಯೂಯಾರ್ಕ್‌ನಲ್ಲಿ ಇನ್ನೂ ಬೆಳಗು. ಹಲವು ಬ್ಯಾಂಕುಗಳು ಹೆರ್ಸ್ಟಾಟ್‌ಗೆ ಆಗಲೇ ಜರ್ಮನ್ ಮಾರ್ಕ್ ಕೊಟ್ಟಾಗಿತ್ತು, ಬದಲಿಗೆ ಡಾಲರ್ ಬರಬೇಕಿತ್ತು. ಬರಲಿಲ್ಲ. ಕೊಡುವುದಕ್ಕೂ ಪಡೆಯುವುದಕ್ಕೂ ನಡುವಿನ ಆ ಕೆಲವು ಗಂಟೆಗಳ ಕಂದಕಕ್ಕೆ ಬ್ಯಾಂಕಿಂಗ್ ಲೋಕ ಇಂದಿಗೂ ಆ ಬ್ಯಾಂಕಿನ ಹೆಸರನ್ನೇ ಇಟ್ಟುಕೊಂಡಿದೆ. ದೊಡ್ಡ ಮೊತ್ತಗಳನ್ನು ಕೂಡಿಡಬಾರದು, ಒಂದೊಂದನ್ನೂ ಬಂದ ಗಳಿಗೆಯಲ್ಲೇ ತೀರಿಸಿಬಿಡಬೇಕು ಎಂದು ದೇಶಗಳು ಕಲಿಯಲು ಅದೂ ಒಂದು ಕಾರಣ.

ನಮ್ಮಲ್ಲಿ ಆ ಕೆಲಸ ಮಾಡುವುದು ಆರ್‌ಟಿಜಿಎಸ್. 2004ರ ಮಾರ್ಚ್‌ನಲ್ಲಿ ಶುರುವಾಯಿತು, 2020ರ ಡಿಸೆಂಬರ್ 14ರಿಂದ ಹಗಲಿರುಳೂ ತೆರೆದಿದೆ. 2 ಲಕ್ಷಕ್ಕಿಂತ ಕಡಿಮೆಯ ಮೊತ್ತವನ್ನು ಅದು ಮುಟ್ಟುವುದಿಲ್ಲ. ಇಲ್ಲಿ ನಿವ್ವಳ ಇಲ್ಲ, ಸರದಿ ಇಲ್ಲ. ಹಣ ಹೋಯಿತು ಅಂದರೆ ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲೂ ಆ ಕ್ಷಣವೇ ಹೋಯಿತು. 2024-25ರ ಆರ್ಥಿಕ ವರ್ಷವನ್ನು ತೆಗೆದುಕೊಂಡು ಎರಡನ್ನೂ ಪಕ್ಕಪಕ್ಕ ಇಡಿ. ಯುಪಿಐ ಪಾವತಿಗಳು 18,587 ಕೋಟಿ, ಮೊತ್ತ 261 ಲಕ್ಷ ಕೋಟಿ ರೂಪಾಯಿ. ಆರ್‌ಟಿಜಿಎಸ್ ಪಾವತಿಗಳು ಬರೀ 30 ಕೋಟಿ, ಮೊತ್ತ 2,000 ಲಕ್ಷ ಕೋಟಿಗೂ ಮೇಲೆ. ಒಂದರ ಸರಾಸರಿ ಸುಮಾರು 1,400 ರೂಪಾಯಿ, ಇನ್ನೊಂದರದು ಸುಮಾರು 66 ಲಕ್ಷ. ಆರ್‌ಟಿಜಿಎಸ್ ಇಡೀ ವರ್ಷ ಎಣಿಸುವಷ್ಟು ಪಾವತಿಗಳನ್ನು ಯುಪಿಐ ಈಗ ಅರ್ಧ ದಿನದೊಳಗೆ ಮುಗಿಸುತ್ತದೆ. ಹಣದ ಲೆಕ್ಕದಲ್ಲಿ ಆರ್‌ಟಿಜಿಎಸ್ ಅದಕ್ಕಿಂತ ಏಳೆಂಟು ಪಟ್ಟು ಭಾರ. ಮೊತ್ತ ದೊಡ್ಡದಾದರೆ ಕಾಯುವುದು ಅಪಾಯ, ಸಂಖ್ಯೆ ದೊಡ್ಡದಾದರೆ ಕಾಯುವುದು ಉಪಕಾರ. ನನ್ನ ಟೀಯ ಹದಿನೈದು ರೂಪಾಯಿ ಮೂರು ಗಂಟೆ ತಡವಾಗಿ ಬ್ಯಾಂಕಿನಿಂದ ಬ್ಯಾಂಕಿಗೆ ಹೋದರೆ ಯಾರ ಮನೆಯೂ ಮುಳುಗುವುದಿಲ್ಲ. ಆದರೂ ಆ ನಡುವಿನ ಹೊತ್ತಿನಲ್ಲಿ ಯಾವ ಬ್ಯಾಂಕೂ ಇಷ್ಟಕ್ಕಿಂತ ಹೆಚ್ಚು ಸಾಲಗಾರನಾಗದಂತೆ ಯುಪಿಐನಲ್ಲೂ ಒಂದು ಮಿತಿ ಕಟ್ಟಿದ್ದಾರೆ. ಹೆರ್ಸ್ಟಾಟ್‌ನ ನೆನಪು ಅಲ್ಲೂ ಇದೆ.

ಇವೆರಡರ ನಡುವೆ ನೆಫ್ಟ್ ಒಂದಿದೆ. 2005ರ ನವೆಂಬರ್‌ನಲ್ಲಿ ಹುಟ್ಟಿದ್ದು. 2019ರ ಡಿಸೆಂಬರ್ 16ರಿಂದ ಅದು ಅರ್ಧ ಗಂಟೆಗೊಮ್ಮೆ, ದಿನಕ್ಕೆ 48 ಸಲ, ರಜೆಯಿಲ್ಲದೆ ಹೊರಡುತ್ತದೆ. ಹಳ್ಳಿಯ ಬಸ್ಸಿನ ಹಾಗೆ. 2024ರ ಫೆಬ್ರವರಿ 29ರಂದು ಒಂದೇ ದಿನ ಈ ನಲವತ್ತೆಂಟು ಬಸ್ಸುಗಳಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಪಾವತಿಗಳು ಪ್ರಯಾಣ ಮಾಡಿದವು. ನಮ್ಮ ಹಳೆಯ ಚೆಕ್ಕು ಕೂಡ ದಾರಿ ಬದಲಿಸಿದೆ. ಎರಡು ಮೂರು ದಿನ ಕಾಯಿಸುತ್ತಿದ್ದ ಕಾಗದ, 2025ರ ಅಕ್ಟೋಬರ್ 4ರಿಂದ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸ್ಕ್ಯಾನ್ ಆದ ಹಾಗೇ ಹೊರಡುತ್ತದೆ, ಹನ್ನೊಂದರಿಂದ ಗಂಟೆಗೊಮ್ಮೆ ಅದರ ಲೆಕ್ಕ ತೀರುತ್ತದೆ. ರೆಕ್ಸಿನ್ ಚೀಲ ಹಿಡಿದು ಬಿಸಿಲಿನಲ್ಲಿ ನಡೆದವನಿಗೆ ಇದನ್ನು ಓದಿದಾಗ ಗಂಟಲು ಕಟ್ಟಿತು.

ಅಣ್ಣನ ಮಗಳು ಹೊಸಬರಿಗೆ ಪಾಠ ಹೇಳುವಾಗ ದರ್ಶಿನಿಯ ಉದಾಹರಣೆ ಕೊಡುತ್ತಾಳಂತೆ. ದೋಸೆ ರಿಯಲ್ ಟೈಮ್, ಇಡ್ಲಿ ಬ್ಯಾಚ್. ಕೇಳಿದ ಕೂಡಲೇ ನನಗೆ ಅಮ್ಮನ ಮಾತು ನೆನಪಾಯಿತು. "ಒಂದು ಒಬ್ಬೆ ಆಗಿದೆ, ಕೂತ್ಕೊಳ್ಳಿ, ಎರಡನೇ ಒಬ್ಬೆ ಒಲೆ ಮೇಲಿದೆ" ಅನ್ನುತ್ತಿದ್ದಳು. ಬ್ಯಾಚ್‌ಗೆ ನಮ್ಮ ಅಡುಗೆಮನೆಯಲ್ಲಿ ಎಂದಿನಿಂದಲೋ ಒಂದು ಮಾತಿದೆ: ಒಬ್ಬೆ. ಇಡ್ಲಿಯನ್ನು ಒಂದೊಂದಾಗಿ ಬೇಯಿಸಿದರೆ ಗ್ಯಾಸ್ ಸಿಲಿಂಡರ್ ವಾರಕ್ಕೆ ಖಾಲಿ. ದೋಸೆಯನ್ನು ಬೆಳಗ್ಗೆಯೇ ಒಟ್ಟಿಗೆ ಹುಯ್ದಿಟ್ಟರೆ ತಿನ್ನುವವರಿಲ್ಲ. ಕಾದರೆ ಕೆಡುವುದು ಯಾವುದು ಅನ್ನುವುದೇ ಪ್ರಶ್ನೆ. ದಾವಣಗೆರೆಯ ಬೆಣ್ಣೆ ದೋಸೆಯವರ ಕಾವಲಿಯ ಮುಂದೆ ನಿಂತು ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ದೋಸೆಯ ಹಿಟ್ಟು ಹಿಂದಿನ ರಾತ್ರಿ ರುಬ್ಬಿ ಹುದುಗಿಸಿದ್ದು, ಒಬ್ಬೆಯಲ್ಲಿ!

ಮೋಸ ಹಿಡಿಯುವ ಕೆಲಸವನ್ನು ನೋಡಿದರೆ ಈ ಮಾತು ಇನ್ನೂ ಚೆನ್ನಾಗಿ ಕಾಣುತ್ತದೆ. ವಂಚಕರು ದೋಚಿದ ಹಣವನ್ನು ಬಾಡಿಗೆಗೆ ಪಡೆದ ಖಾತೆಗಳಲ್ಲಿ ಹಾಯಿಸುತ್ತಾರೆ. ಒಂದು ಖಾತೆಗೆ ಬಂದು ಬಿದ್ದ ಲಕ್ಷ ರೂಪಾಯಿ ನಿಮಿಷಗಳಲ್ಲಿ ಐದು ಖಾತೆಗಳಿಗೆ ಹಂಚಿಹೋಗಿ, ಅಲ್ಲಿಂದ ಇನ್ನಷ್ಟು ಖಾತೆಗಳಿಗೆ ಚದುರುತ್ತದೆ. ಇದನ್ನು ರಾತ್ರಿ ಕೂತು ಲೆಕ್ಕ ಹಾಕಿ ಬೆಳಗ್ಗೆ ಹೇಳಿದರೆ ಏನು ಬಂತು? ಹಣ ಆಗಲೇ ಎಟಿಎಂನಿಂದ ಹೊರಗೆ ಹೋಗಿರುತ್ತದೆ. 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಿ ಎಂದು ಪೊಲೀಸರು ಗೋಗರೆಯುವುದು ಅದಕ್ಕೇ. ಇಲ್ಲಿ ತೀರ್ಪು ಆ ಕ್ಷಣದಲ್ಲೇ ಆಗಬೇಕು, ಪಿನ್ ಒತ್ತಿದ್ದಕ್ಕೂ ಹೂಂ ಅನ್ನುವುದಕ್ಕೂ ನಡುವಿನ ಚೂರು ಹೊತ್ತಿನಲ್ಲಿ.

ಆದರೆ ಆ ಚೂರು ಹೊತ್ತಿನಲ್ಲಿ ಯಂತ್ರ ಏನನ್ನು ನೋಡಿ ತೀರ್ಪು ಕೊಡಬೇಕು? ಈ ಮನುಷ್ಯ ಸಾಮಾನ್ಯವಾಗಿ ಎಷ್ಟು ಕಳಿಸುತ್ತಾನೆ, ಯಾವ ಹೊತ್ತಿನಲ್ಲಿ, ಯಾರಿಗೆ, ಯಾವ ಊರಿನಿಂದ ಅನ್ನುವುದು ಮೊದಲೇ ಗೊತ್ತಿರಬೇಕು. ಅದು ಗೊತ್ತಾಗುವುದು ತಿಂಗಳುಗಳ ವ್ಯವಹಾರವನ್ನು ಕೂಡಿಟ್ಟುಕೊಂಡು ನಿಧಾನವಾಗಿ ಓದಿದಾಗ. ರಿಸರ್ವ್ ಬ್ಯಾಂಕ್ ಬೆಂಗಳೂರಿನಲ್ಲಿ ಇನೊವೇಶನ್ ಹಬ್ ಒಂದನ್ನು ಇಟ್ಟಿದೆ. ಬಾಡಿಗೆ ಖಾತೆಗಳನ್ನು ಪತ್ತೆ ಹಚ್ಚಲು ಅಲ್ಲಿ ಕಟ್ಟಿದ ಮ್ಯೂಲ್‌ಹಂಟರ್ ಎಂಬ ವ್ಯವಸ್ಥೆಯನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಅಂಥ ಯಂತ್ರಗಳು ಕಲಿಯುವುದು ಹಳೆಯ ಕಡತಗಳಿಂದ. ಕಾವಲಿಯ ಮೇಲಿನ ಕೈ ಎಷ್ಟೇ ಚುರುಕಾಗಿರಲಿ, ಹಿಟ್ಟು ರಾತ್ರಿಯದೇ.

ತೀರ್ಪು ತಪ್ಪಿದರೆ ಏನಾಗುತ್ತದೆ ಎಂದೂ ಲೆಕ್ಕ ಹಾಕಿ ನೋಡಿದೆ. ಯಂತ್ರವೊಂದು ಸಾವಿರಕ್ಕೆ ಒಂದೇ ಒಂದು ಸಲ ಒಳ್ಳೆಯವರನ್ನು ಕಳ್ಳರೆಂದು ತಡೆಯಿತು ಅನ್ನಿ. ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಸರಿ. ಪರೀಕ್ಷೆಯಲ್ಲಿ ಯಾವ ಮಗುವೂ ಅಷ್ಟು ಅಂಕ ತೆಗೆಯುವುದಿಲ್ಲ. ಆದರೂ 64 ಕೋಟಿ 50 ಲಕ್ಷಕ್ಕೆ ಅದು ದಿನಕ್ಕೆ 6 ಲಕ್ಷ 45 ಸಾವಿರ ಸಲವಾಗುತ್ತದೆ. ಬೆಳಗಾವಿ ನಗರದ 2011ರ ಜನಗಣತಿಯ ಜನಸಂಖ್ಯೆಗಿಂತ ಹೆಚ್ಚು. ಅಷ್ಟು ಜನ ದಿನವೂ ಔಷಧಿ ಅಂಗಡಿಯ ಮುಂದೆ, ಪೆಟ್ರೋಲ್ ಬಂಕಿನಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ ಫೋನು ಹಿಡಿದು ಮುಖ ಸಣ್ಣದು ಮಾಡಿಕೊಂಡು ನಿಲ್ಲಬೇಕಾಗುತ್ತದೆ. ವೇಗದ ಜಾಗದಲ್ಲಿ ಕೆಲಸ ಮಾಡುವವರ ಹೆಗಲ ಮೇಲೆ ಇರುವ ಭಾರ ಇದು. ಅಣ್ಣನ ಮಗಳು ರಾತ್ರಿ ಊಟದ ಮಧ್ಯೆ ಫೋನು ನೋಡಿದರೆ ನಾನೀಗ ಬಯ್ಯುವುದಿಲ್ಲ.

ನಮ್ಮ ಅವಸರವೇ ವ್ಯವಸ್ಥೆಗೆ ಮುಳುವಾದದ್ದೂ ಉಂಟು. 2025ರ ಏಪ್ರಿಲ್ 12ರಂದು ಯುಪಿಐ ಗಂಟೆಗಟ್ಟಲೆ ತಡವರಿಸಿತು. ಎನ್‌ಪಿಸಿಐ ಹುಡುಕಿ ನೋಡಿದಾಗ ಸಿಕ್ಕ ಕಾರಣ ಹೊಸ ಪಾವತಿಗಳಲ್ಲ. ‘ಆ ಪಾವತಿ ಏನಾಯಿತು, ಆಯಿತೇ, ಆಯಿತೇ’ ಎಂದು ಬ್ಯಾಂಕುಗಳ ಕಂಪ್ಯೂಟರುಗಳು ಮೇಲಿಂದ ಮೇಲೆ, ಹಳೆಯ ಪಾವತಿಗಳಿಗೂ ಸೇರಿಸಿ, ಕೇಳುತ್ತಿದ್ದ ಪ್ರಶ್ನೆಗಳ ಪ್ರವಾಹ. ಅದಾದ ಮೇಲೆ ನಿಯಮ ಬಿಗಿಯಾಯಿತು: ಒಂದು ಪಾವತಿಯ ಸ್ಥಿತಿಯನ್ನು ಎರಡು ಗಂಟೆಯೊಳಗೆ ಹೆಚ್ಚೆಂದರೆ ಮೂರು ಸಲ ಕೇಳಬಹುದು. ಆಗಸ್ಟ್ 1ರಿಂದ ಇನ್ನೂ ಕೆಲವು ಬಂದವು. ಒಂದು ಆ್ಯಪ್‌ನಲ್ಲಿ ದಿನಕ್ಕೆ ಐವತ್ತು ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವ ಹಾಗಿಲ್ಲ. ವಿಮೆಯ ಕಂತು, ಮೊಬೈಲ್ ಚಂದಾ ಮುಂತಾಗಿ ತಾನಾಗಿ ಕಡಿತವಾಗುವ ಆಟೋಪೇ ಪಾವತಿಗಳು ಬೆಳಗ್ಗೆ ಹತ್ತರಿಂದ ಒಂದು, ಸಂಜೆ ಐದರಿಂದ ಒಂಬತ್ತೂವರೆ ಗಂಟೆಯ ಜಂಗುಳಿಯಲ್ಲಿ ನಡೆಯಬಾರದು, ಬಿಡುವಾದಾಗ ಆಗಲಿ. ಪ್ರಪಂಚವೇ ಕಣ್ಣರಳಿಸಿ ನೋಡುವ ವೇಗದ ವ್ಯವಸ್ಥೆ ತನ್ನೊಳಗೆ ಒಬ್ಬೆ ಹಾಕುವುದನ್ನು ಕಲಿಯುತ್ತಿದೆ.

ಒಬ್ಬೆಯ ಹೊಟ್ಟೆ ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ದಿನ ಸಾಕು. 2025ರ ಆಗಸ್ಟ್ 2ರಂದು ಪಿಎಂ-ಕಿಸಾನ್ ಯೋಜನೆಯ ಇಪ್ಪತ್ತನೇ ಕಂತು ಬಿಡುಗಡೆಯಾಯಿತು. 9 ಕೋಟಿ 70 ಲಕ್ಷ ರೈತರು, ತಲಾ ಎರಡು ಸಾವಿರ ರೂಪಾಯಿ. ನಮ್ಮ ರಾಜ್ಯದ ಗೃಹಲಕ್ಷ್ಮಿಯಲ್ಲಿ ಒಂದು ಕೋಟಿಗೂ ಹೆಚ್ಚು ಹೆಂಗಸರಿಗೆ ಹೋಗುವ ಎರಡು ಸಾವಿರವೂ ಇದೇ ಬಗೆಯಲ್ಲಿ, ಪಟ್ಟಿಯಾಗಿ, ಕಡತವಾಗಿ ಹೋಗುತ್ತದೆ. ಅಲ್ಲಿ ಯಾರೂ ಕೌಂಟರಿನ ಮುಂದೆ ಕೈಯೊಡ್ಡಿ ನಿಂತಿಲ್ಲ. ಸಂಜೆಯೊಳಗೆ ಬಂದರಾಯಿತು, ಆದರೆ ಒಬ್ಬರೂ ಬಿಟ್ಟುಹೋಗಬಾರದು.

ಹಾಗೆಂದು ಒಬ್ಬೆ ಯಾವಾಗಲೂ ನ್ಯಾಯವಾಗಿರುತ್ತದೆ ಅನ್ನಲಾರೆ. 2010ರ ಮಾರ್ಚ್‌ವರೆಗೆ ಉಳಿತಾಯ ಖಾತೆಯ ಬಡ್ಡಿಯನ್ನು ಹೇಗೆ ಲೆಕ್ಕ ಹಾಕುತ್ತಿದ್ದೆವು ಗೊತ್ತೇ? ತಿಂಗಳ ಹತ್ತನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಬಾಕಿಗೆ ಮಾತ್ರ. ಒಬ್ಬ ಮೇಷ್ಟ್ರು ತಿಂಗಳ ಮೊದಲ ದಿನದಿಂದ ಇಪ್ಪತ್ತೆಂಟರವರೆಗೆ ನಲವತ್ತು ಸಾವಿರ ಇಟ್ಟು, ಮಗಳ ಫೀಸಿಗೆಂದು ಇಪ್ಪತ್ತೊಂಬತ್ತಕ್ಕೆ ತೆಗೆದು ಐನೂರು ಉಳಿಸಿದರೆ, ಬಡ್ಡಿ ಬರುತ್ತಿದ್ದುದು ಐನೂರಕ್ಕೆ. ಕೈಯಲ್ಲಿ ಲೆಡ್ಜರ್ ಬರೆಯುವ ಕಾಲದಲ್ಲಿ ದಿನದಿನದ ಲೆಕ್ಕ ಆಗದ ಮಾತು, ನಿಜ. ಆದರೆ ಆ ಅನುಕೂಲದ ಬೆಲೆ ತೆತ್ತವರು ಮೇಷ್ಟ್ರಂಥವರು. ಎಷ್ಟೋ ಜನ ಕೌಂಟರಿನ ಮುಂದೆ ನಿಂತು, "ಯಾಕ್ ಸಾರ್ ಇಷ್ಟೇ ಬಂದಿದೆ?" ಅಂದಾಗ ನಿಯಮ ಹಾಗಿದೆ ಎಂದು ತಲೆ ತಗ್ಗಿಸಿ ಹೇಳಿದ್ದೇನೆ. 2010ರ ಏಪ್ರಿಲ್ 1ರಿಂದ ದಿನದ ಬಾಕಿಯ ಮೇಲೆ ಬಡ್ಡಿ. ಈಗ ದೇಶದಲ್ಲಿ ಜನ್ ಧನ್ ಖಾತೆಗಳೇ 56 ಕೋಟಿಗೂ ಮೇಲೆ. ಅವುಗಳ ಜೊತೆಗೆ ಉಳಿದೆಲ್ಲ ಉಳಿತಾಯ ಖಾತೆಗಳಿಗೂ ಪ್ರತಿ ದಿನದ ಬಾಕಿ ಹಿಡಿದು ಬಡ್ಡಿ ಬೆಳೆಯುತ್ತದೆ. ಇದೂ ಒಬ್ಬೆಯೇ, ಆದರೆ ಹಿಟ್ಟು ಯಾರದೆಷ್ಟು ಎಂದು ದಿನವೂ ಅಳೆಯುವ ಒಬ್ಬೆ.

2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮೇಲೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡದ್ದನ್ನು ಯಾರೂ ಮರೆತಿಲ್ಲ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ಕೂಡಿ ನೋಡಿ, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದವರಿಗೆ ನೋಟಿಸ್ ಕಳಿಸಿತ್ತು. ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. 20 ಲಕ್ಷವನ್ನು 365ರಿಂದ ಭಾಗಿಸಿದರೆ ದಿನಕ್ಕೆ 5,479 ರೂಪಾಯಿ. ಹದಿನೈದು ರೂಪಾಯಿಯ ಟೀ ಲೆಕ್ಕದಲ್ಲಿ 365 ಲೋಟ. ದಿನಕ್ಕೆ ಮುನ್ನೂರ ಅರವತ್ತೈದು ಲೋಟ, ವರ್ಷಕ್ಕೆ ಮುನ್ನೂರ ಅರವತ್ತೈದು ದಿನ. ಸೌಂಡ್‌ಬಾಕ್ಸ್ ಒಂದೊಂದಾಗಿ ಹೇಳುವಾಗ ಅದು ಹದಿನೈದು ರೂಪಾಯಿ. ನಾಲ್ಕು ವರ್ಷ ಕೂಡಿಟ್ಟು ಒಟ್ಟಿಗೆ ಹೇಳಿದಾಗ ಅದೇ ಹದಿನೈದು ರೂಪಾಯಿಗೆ ಎದೆ ನಡುಗುವ ಮುಖ ಬಂದಿತ್ತು.

ತೆರಿಗೆ ಬೇಡವೆನ್ನುವವನು ನಾನಲ್ಲ. ಆದರೆ ಕೂಡಿದ ಮೊತ್ತಕ್ಕೆ ಮೊತ್ತವಷ್ಟೇ ಗೊತ್ತು. ಅದರಲ್ಲಿ ತೆರಿಗೆಯಿಲ್ಲದ ಹಾಲು ತರಕಾರಿ ಎಷ್ಟು, ತಂಗಿ ಕಳಿಸಿದ ಕೈಗಡ ಎಷ್ಟು, ಚಿಲ್ಲರೆಗೆಂದು ಯಾರೋ ಹಾಕಿ ನೋಟು ಒಯ್ದದ್ದೆಷ್ಟು ಎಂಬುದು ಆ ಸಾಲುಗಳಲ್ಲಿ ಬರೆದಿರುವುದಿಲ್ಲ. ನಾವು ಮೇಜಿನ ಮೇಲೆ ವ್ಯತ್ಯಾಸ ಹುಡುಕುವಾಗ ಎದುರಿಗೆ ಆ ಬ್ಯಾಂಕಿನ ಗುಮಾಸ್ತ ಕೂತಿರುತ್ತಿದ್ದ, ಇದು ಏನು ಎಂದು ಕೇಳಬಹುದಿತ್ತು. ಇಲ್ಲಿ ಎದುರಿಗೆ ಯಾರೂ ಕೂತಿರಲಿಲ್ಲ. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಕೂತು ಮಾತಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಕೊಳ್ಳಿ ಎಂದ ಮೇಲೆ ಚೀಟಿಗಳು ಒಂದೊಂದಾಗಿ ಇಳಿದವು.

ನಮ್ಮ ಬೀದಿಯ ಅಂಗಡಿಯಲ್ಲೂ ಇಳಿಯಿತು. ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿ. ಮೊನ್ನೆ ರಾತ್ರಿ ಒಂಬತ್ತರ ಸುಮಾರಿಗೆ ಹೋದಾಗ ಆತ ಸ್ಟವ್ ಆರಿಸಿ ಹಾಲಿನ ಪಾತ್ರೆ ತಿಕ್ಕುತ್ತಿದ್ದರು. ಆಕೆ ಸ್ಟೂಲಿನ ಮೇಲೆ ಕೂತು ಮೊಣಕಾಲಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡಿದ್ದರು. ಜುಲೈ ಆದ ಮೇಲೆ ಶುರುವಾದ ಪುಸ್ತಕವಂತೆ. ಹಾಲು, ಸಕ್ಕರೆ, ಬನ್ನು, ಸಿಗರೇಟು ಎಂದು ನಾಲ್ಕು ಕಲಂ. ಕೊನೆಯಲ್ಲಿ ಇನ್ನೊಂದು, ‘ಮನೆ ದುಡ್ಡು’. ದಿನವಿಡೀ ಒಂದೊಂದಾಗಿ ಕೇಳಿಸಿಕೊಂಡದ್ದನ್ನು ಆಕೆ ಈಗ ಫೋನಿನಲ್ಲಿ ನೋಡುತ್ತ, ಬೆರಳು ಮಡಚುತ್ತ ಕೂಡುತ್ತಿದ್ದರು. ಒಮ್ಮೆ ಕೂಡಿದರು, ತಾಳೆ ಬರಲಿಲ್ಲ. ಮತ್ತೊಮ್ಮೆ ಕೂಡಿದರು.

"ಎಷ್ಟಕ್ಕೆ ನಿಂತಿದೆಯಮ್ಮ?" ಎಂದು ಕೇಳಿದೆ.

"ಮೂವತ್ತಾರು ರೂಪಾಯಿ ಹೆಚ್ಚು ಬರ್ತಾ ಇದೆ ಸಾರ್" ಅಂದರು.

ಒಂಬತ್ತರಿಂದ ಭಾಗ ಹೋಗುತ್ತದೆ. ಪಕ್ಕದಲ್ಲಿ ಕೂತು ಪುಸ್ತಕ ಇಸಿದುಕೊಂಡೆ. ಸಕ್ಕರೆಯ ಕಲಮಿನಲ್ಲಿ 48 ಇರಬೇಕಾದಲ್ಲಿ 84 ಇತ್ತು.